ಗಡಿಯಾಚೆಯ ದಂಡವೂ ಮನೆಯ ಹೊಣೆಯೂ

ಹುಬ್ಬಳ್ಳಿ-ಧಾರವಾಡದ ಮನೆತನಗಳಿಗೆ ರಾಜ್ಯದ ಗಡಿಯೆಂಬುದು ದೂರದ ಮಾತಲ್ಲ. ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟವರುಂಟು. ಕೊಲ್ಲಾಪುರದಿಂದ ಸೊಸೆಯನ್ನು ತಂದವರುಂಟು. ಗೋವೆಯಲ್ಲಿ ವ್ಯಾಪಾರ ಇಟ್ಟವರು, ಪುಣೆಯಲ್ಲಿ ನೌಕರಿಯಲ್ಲಿರುವ ಮಕ್ಕಳನ್ನು ನೋಡಹೋಗುವವರು, ಶಿವರಾತ್ರಿಗೆ ಶ್ರೀಶೈಲದ ದಾರಿ ಹಿಡಿಯುವವರು ಓಣಿ ಓಣಿಯಲ್ಲಿಯೂ ಸಿಗುತ್ತಾರೆ. ಬೆಳಗಾವಿ, ನಿಪ್ಪಾಣಿಗಳನ್ನು ದಾಟಿದರೆ ಮಹಾರಾಷ್ಟ್ರ. ರಾಮನಗರ, ಅನಮೋಡಗಳನ್ನು ದಾಟಿದರೆ ಗೋವೆ. ವಿಜಯಪುರದಿಂದ ಮುಂದೆ ಸಾಗಿ ಭೀಮೆಯನ್ನು ದಾಟಿದರೆ ಸೊಲ್ಲಾಪುರದ ಸೀಮೆ. ಬೆಳಿಗ್ಗೆ ಹೊರಟವರು ರಾತ್ರಿ ಊಟಕ್ಕೆ ಮನೆಗೆ ಮರಳುವಷ್ಟು ಸಮೀಪದ ಹಾದಿಗಳಿವು.

ಇಂಥ ಪ್ರವಾಸಗಳಲ್ಲಿ ವೇಗದ ಮಿತಿಯನ್ನು ಮೀರಿದ್ದಕ್ಕಾಗಿ ಪರರಾಜ್ಯದ ಪೊಲೀಸರು ವಿಧಿಸುವ ದಂಡದ ಬಗೆಗೆ ನಮ್ಮ ಜನರಲ್ಲಿ ಎರಡು ಭಾವನೆಗಳು ಬೇರೂರಿವೆ. ಒಂದು, ಗಡಿ ದಾಟಿ ಬಂದ ಮೇಲೆ ನಮ್ಮನ್ನು ಕೇಳುವವರಾರು ಎಂಬುದು. ಇನ್ನೊಂದು, ದಂಡ ಕಟ್ಟಿದರೆ ಎಲ್ಲವೂ ಮುಗಿಯಿತು ಎಂಬುದು. ಇವೆರಡೂ ಸತ್ಯಕ್ಕೆ ದೂರವಾದವು. ನಾವು ವಾಹನ ನಡೆಸುವುದನ್ನು ಕಲಿತವರಲ್ಲ. ಆದರೆ ಪ್ರವಚನದ ನಿಮಿತ್ತವಾಗಿ ನಾಲ್ಕು ದಶಕಗಳ ಕಾಲ ಭಕ್ತರ ವಾಹನಗಳ ಹಿಂದಿನ ಆಸನದಲ್ಲಿ ಕುಳಿತು ಈ ಹಾದಿಗಳಲ್ಲೆಲ್ಲ ಸಂಚರಿಸಿದವರು. ಹಿಂದಿನ ಆಸನದಿಂದ ಕಾಣುವ ಸತ್ಯವೂ ಒಂದುಂಟು. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಕಾಯ್ದೆಯ ಮಾತನ್ನು ಅರಿಯೋಣ.

ನಮ್ಮ ದೇಶದ ಮೋಟಾರು ವಾಹನ ಕಾಯ್ದೆ 1988ರದು. ಜಾರಿಗೆ ಬಂದದ್ದು 1989ರ ಜುಲೈ 1ರಂದು. ಹುಬ್ಬಳ್ಳಿಯಲ್ಲಿ ಪಡೆದ ಚಾಲನಾ ಪರವಾನಿಗೆ ಭಾರತದಾದ್ಯಂತ ಸಲ್ಲುತ್ತದೆ ಎಂದು ಈ ಕಾಯ್ದೆಯ 13ನೆಯ ಕಲಮು ಹೇಳುತ್ತದೆ. ಮಾನ್ಯತೆ ದೇಶವ್ಯಾಪಿಯಾದ ಮೇಲೆ ಹೊಣೆಯೂ ದೇಶವ್ಯಾಪಿಯೇ ಆಗಬೇಕಲ್ಲವೆ? ಲೈಸೆನ್ಸಿನ ಸೌಕರ್ಯವನ್ನು ಕಾಶ್ಮೀರದವರೆಗೆ ಕೊಂಡೊಯ್ದು, ಅದರ ಜವಾಬ್ದಾರಿಯನ್ನು ಮಾತ್ರ ನಿಪ್ಪಾಣಿಯಲ್ಲಿ ಇಳಿಸಿ ಹೋಗಲು ಬರುವುದಿಲ್ಲ.

ಹಿಂದೆ ಈ ಹೊಣೆಯಿಂದ ನುಣುಚಿಕೊಳ್ಳುವುದು ಸಾಧ್ಯವಿತ್ತೆಂಬುದು ನಿಜ. ಕಾಗದದ ರಸೀದಿ ಕೊಟ್ಟ ಊರಿನ ಕಚೇರಿಯಲ್ಲಿಯೇ ಉಳಿಯುತ್ತಿತ್ತು. ಇಂದು ವಾಹನಗಳ ದಾಖಲೆ ‘ವಾಹನ್’ ಎಂಬ ಕೋಶದಲ್ಲಿಯೂ ಲೈಸೆನ್ಸುಗಳ ದಾಖಲೆ ‘ಸಾರಥಿ’ ಎಂಬ ಕೋಶದಲ್ಲಿಯೂ ಸೇರಿವೆ. ಕ್ಯಾಮರಾ ಮೂಲಕ ಸಾಕ್ಷ್ಯ ಸಂಗ್ರಹಿಸಿ ದಂಡ ವಿಧಿಸುವ ಬಗೆಗೆ 2021ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ನಿಯಮಗಳನ್ನು ಮಾಡಿದೆ. ಕೆಎ-25 ಅಥವಾ ಕೆಎ-63 ಎಂದು ಆರಂಭವಾಗುವ ನಮ್ಮ ಗಾಡಿ ಪುಣೆಯ ದಾರಿಯಲ್ಲಿ ಮಿತಿ ಮೀರಿ ಓಡಿದರೆ ಕ್ಯಾಮರಾ ಅದರ ನಂಬರನ್ನು ಓದುತ್ತದೆ. ಇ-ಚಲನ್ ಬರುವುದು ನೋಂದಾಯಿತ ಮಾಲೀಕನ ಹೆಸರಿಗೆ. ಕಟ್ಟದೆ ಬಿಟ್ಟದ್ದು ನ್ಯಾಯಾಲಯಕ್ಕೆ ಹೋಗುತ್ತದೆ. ಮಹಾರಾಷ್ಟ್ರವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಇದಕ್ಕೆಂದೇ ವರ್ಚುವಲ್ ನ್ಯಾಯಾಲಯಗಳಿವೆ. ಬಾಕಿ ಉಳಿದ ದಂಡವು ಮುಂದೆ ಗಾಡಿ ಮಾರುವಾಗ, ಹೆಸರು ಬದಲಿಸುವಾಗ ಅಡ್ಡ ಬರಬಹುದು. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಬಾಕಿ ದಂಡಕ್ಕೆ ಶೇಕಡಾ 50ರ ರಿಯಾಯಿತಿ ಕೊಟ್ಟಾಗ ಅನೇಕರು ಸಮಾಧಾನದ ಉಸಿರು ಬಿಟ್ಟರು. ಆ ರಿಯಾಯಿತಿ ನಮ್ಮ ರಾಜ್ಯದ ದಂಡಕ್ಕೆ ಮಾತ್ರ ಸಂಬಂಧಿಸಿದ್ದು. ನೆರೆರಾಜ್ಯದ ಬಾಕಿಯನ್ನು ನಮ್ಮ ಸರಕಾರ ಮನ್ನಿಸಲಾರದು.

ದಂಡದ ಮೊತ್ತವೇನೂ ದೊಡ್ಡದಲ್ಲ. 2019ರ ತಿದ್ದುಪಡಿಯ ಪ್ರಕಾರ ಲಘು ವಾಹನಕ್ಕೆ 1000ದಿಂದ 2000 ರೂಪಾಯಿ. ಮಧ್ಯಮ ಮತ್ತು ಭಾರೀ ವಾಹನಗಳಿಗೆ 2000ದಿಂದ 4000 ರೂಪಾಯಿ. ಗಂಭೀರವಾದುದು ಇದರ ಹಿಂದೆ ಬರುವ ಸಂಗತಿ. ವೇಗದ ಅಪರಾಧದಲ್ಲಿ ಚಾಲಕನ ಲೈಸೆನ್ಸನ್ನು ವಶಪಡಿಸಿಕೊಂಡು ಲೈಸೆನ್ಸ್ ಪ್ರಾಧಿಕಾರಕ್ಕೆ ಕಳುಹಿಸುವ ಅಧಿಕಾರ ಪೊಲೀಸರಿಗುಂಟು. ಪ್ರಾಧಿಕಾರವು ಚಾಲಕನ ಹೇಳಿಕೆ ಕೇಳಿ, ಮೊದಲ ಸಲಕ್ಕೆ ಮೂರು ತಿಂಗಳು ಆತನನ್ನು ಅನರ್ಹಗೊಳಿಸಬಹುದು. ಮತ್ತೆ ಸಿಕ್ಕಿಬಿದ್ದರೆ ಲೈಸೆನ್ಸನ್ನೇ ರದ್ದು ಮಾಡಬಹುದು. 2020ರ ಅಕ್ಟೋಬರ್ 1ರಿಂದ ಇಂಥ ಅನರ್ಹತೆ ಹಾಗೂ ರದ್ದತಿಗಳ ವಿವರವನ್ನು ಕಾಲಾನುಕ್ರಮವಾಗಿ ಸರಕಾರದ ಜಾಲದಲ್ಲಿ ದಾಖಲಿಸುವ ನಿಯಮ ಬಂದಿದೆ. ದಂಡದ ಹಣ ಖಜಾನೆಗೆ ಹೋಗಿ ಮರೆತುಹೋಗುತ್ತದೆ. ಈ ದಾಖಲೆ ಉಳಿಯುತ್ತದೆ.

ಹಿಂದಿನ ಆಸನದಿಂದ ಕಂಡ ಸತ್ಯವನ್ನು ಇನ್ನು ಹೇಳಬೇಕು. ನಮಗೆ ಪರಿಚಿತನಾದ ಒಬ್ಬ ಬಾಡಿಗೆ ಚಾಲಕನಿದ್ದಾನೆ; ಹೆಸರು ಬೇಡ. ಹುಬ್ಬಳ್ಳಿಯ ಒಂದು ಕುಟುಂಬವನ್ನು ಆತ ಸೊಲ್ಲಾಪುರದ ಮದುವೆಗೆ ಕರೆದೊಯ್ಯುತ್ತಿದ್ದ. ಬೆಳಗಿನ ಐದಕ್ಕೆ ಹೊರಡಬೇಕಾದವರು ಏಳೂವರೆಗೆ ಹೊರಟರು. ಅಕ್ಷತೆಯ ಹೊತ್ತಿಗೆ ತಲುಪಲೇಬೇಕೆಂದು ದಾರಿಯುದ್ದಕ್ಕೂ ಒತ್ತಾಯಿಸಿದರು. ಭೀಮೆಯ ಆಚೆ ಗಾಡಿ ಸಿಕ್ಕಿಬಿತ್ತು. ದಂಡವನ್ನು ಕುಟುಂಬದವರೇ ಕೊಟ್ಟರು. ತಮ್ಮ ಋಣ ತೀರಿತೆಂದು ಭಾವಿಸಿದರು. ಆದರೆ ಲೈಸೆನ್ಸು ಚಾಲಕನದು. ಅದು ಮೂರು ತಿಂಗಳು ಅಮಾನತಾಯಿತು. ಆ ಮೂರು ತಿಂಗಳು ಆತ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಮನೆ ನಡೆಸಿದ. ಒಬ್ಬರ ಅವಸರಕ್ಕೆ ಇನ್ನೊಬ್ಬನ ಕಾಯಕ ಬಲಿಯಾಯಿತು. ಇದನ್ನು ದಂಡ ತುಂಬಿಕೊಡಲಾರದು.

ಅವಸರ ಹುಟ್ಟುವುದು ಸಾಮಾನ್ಯವಾಗಿ ಚಾಲಕನಲ್ಲಲ್ಲ, ಮನೆಯಲ್ಲಿ. ಆಶ್ಚರ್ಯವೆಂದರೆ ಕಾಯ್ದೆಗೂ ಇದು ಗೊತ್ತಿದೆ. 183ನೆಯ ಕಲಮು ವೇಗವಾಗಿ ನಡೆಸಿದವನನ್ನು ಮಾತ್ರವಲ್ಲ, ತನ್ನ ಕೆಲಸದವನಿಂದ ಅಥವಾ ತನ್ನ ಅಧೀನದಲ್ಲಿರುವವನಿಂದ ಹಾಗೆ ನಡೆಸಿದವನನ್ನೂ ಅಪರಾಧಿಯೆನ್ನುತ್ತದೆ. ಮಿತಿಯೊಳಗೆ ಸಾಗಿ ತಲುಪಲು ಶಕ್ಯವಿಲ್ಲದ ಸಮಯವನ್ನು ಗೊತ್ತುಪಡಿಸಿ, ಇಷ್ಟು ಹೊತ್ತಿಗೆ ಮುಟ್ಟಿಸು ಎಂದು ಆಜ್ಞೆ ಕೊಟ್ಟರೆ, ಆ ಆಜ್ಞೆಯೇ ಕೊಟ್ಟವನ ಅಪರಾಧಕ್ಕೆ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಹಿಂದೆ ಕುಳಿತು ‘ಇನ್ನಷ್ಟು ಬೇಗ ನಡೆಸಪ್ಪಾ’ ಎನ್ನುವವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನು ವಿಮೆಯ ವಿಚಾರ. ವೇಗದ ದಂಡ ಬಿದ್ದರೆ ವಿಮೆಯ ಕಂತು ಏರುವುದೇ ಎಂದು ಭಕ್ತರು ನಮ್ಮನ್ನು ಕೇಳುವುದುಂಟು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ವರ್ಷವಿಡೀ ಪರಿಹಾರ ಕೇಳದಿದ್ದವರಿಗೆ ಸ್ವಂತ ವಾಹನದ ಹಾನಿಯ ವಿಮೆಯಲ್ಲಿ ಶೇಕಡಾ 20ರಿಂದ ಆರಂಭವಾಗಿ 50ರವರೆಗೆ ಏರುವ ರಿಯಾಯಿತಿ ದೊರೆಯುತ್ತದೆ. ಅದು ಪರಿಹಾರ ಕೇಳಿದ್ದನ್ನು ನೋಡುತ್ತದೆ, ದಂಡವನ್ನಲ್ಲ. ಸಂಚಾರ ಅಪರಾಧಗಳಿಗೆ ಅಂಕ ಹಾಕಿ ಅದರಂತೆ ಕಂತು ಹೆಚ್ಚಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ಒಂದು ಕಾರ್ಯತಂಡ 2021ರಲ್ಲಿ ಸಲಹೆ ಮಾಡಿ, ದಿಲ್ಲಿಯಲ್ಲಿ ಮೊದಲು ಪ್ರಯೋಗಿಸಬೇಕೆಂದಿತ್ತು. ಕುಡಿದು ನಡೆಸಿದರೆ 100 ಅಂಕ, ತಪ್ಪು ಜಾಗದಲ್ಲಿ ನಿಲ್ಲಿಸಿದರೆ 10 ಎಂಬುದು ಅದರ ಲೆಕ್ಕವಾಗಿತ್ತು.

ಆದರೆ ಕಂತು ಏರಲಿಲ್ಲವೆಂದು ನಿಶ್ಚಿಂತರಾಗಲಾಗದು. ಚಾಲಕನಲ್ಲಿ ಅಪಘಾತದ ಸಮಯಕ್ಕೆ ಸಲ್ಲುವ ಲೈಸೆನ್ಸು ಇರಬೇಕು, ಆತ ಅನರ್ಹಗೊಂಡವನಾಗಿರಬಾರದು ಎಂಬ ಷರತ್ತು ವಿಮಾಪತ್ರದಲ್ಲಿಯೇ ಇರುತ್ತದೆ. ಅಮಾನತಿನ ಅವಧಿಯಲ್ಲಿ ಗಾಡಿ ನಡೆಸಿ ಅಪಘಾತವಾದರೆ ಸ್ವಂತ ವಾಹನದ ಹಾನಿಗೆ ಪರಿಹಾರ ತಪ್ಪಬಹುದು. ದಾರಿಹೋಕನಿಗೆ ಪೆಟ್ಟಾದರೆ ಸಂಗತಿ ಇನ್ನೂ ಕಠಿಣ. ಸ್ವರಣ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಕೊಟ್ಟ ತೀರ್ಪಿನ ತಾತ್ಪರ್ಯವಿದು: ಮಾಲೀಕನು ತಿಳಿದೋ, ಸಾಕಷ್ಟು ಎಚ್ಚರ ವಹಿಸದೆಯೋ ಲೈಸೆನ್ಸಿಲ್ಲದವನ ಕೈಗೆ ಗಾಡಿ ಕೊಟ್ಟದ್ದು ಸಿದ್ಧವಾದರೆ, ವಿಮಾ ಕಂಪನಿಯು ನೊಂದವನಿಗೆ ಮೊದಲು ಹಣ ಕೊಟ್ಟು, ಆ ಮೇಲೆ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು. ಹೊಲ-ಮನೆ ಮಾರಿದರೂ ತೀರದ ಮೊತ್ತಗಳವು. ಸಾವಿರ ರೂಪಾಯಿಯ ದಂಡದಿಂದ ಆರಂಭವಾದ ದಾರಿ ಅಲ್ಲಿಗೂ ಮುಟ್ಟಬಲ್ಲದು.

ನಮ್ಮ ಅವಳಿ ನಗರದ ಎಷ್ಟೋ ಮನೆಗಳ ಮಕ್ಕಳು ಅಮೇರಿಕೆಯಲ್ಲಿದ್ದಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಅಕ್ಕ ಸಮ್ಮೇಳನಕ್ಕೆಂದು ಸಂಸಾರ ಸಮೇತ ರಾಜ್ಯದಿಂದ ರಾಜ್ಯಕ್ಕೆ ಗಾಡಿ ಓಡಿಸಿಕೊಂಡು ಹೋಗುವವರೂ ಅವರಲ್ಲಿದ್ದಾರೆ. ಅಲ್ಲಿ ಲೈಸೆನ್ಸು ಕೊಡುವುದು ಆಯಾ ರಾಜ್ಯ. ಆದರೂ ಬಹುಪಾಲು ರಾಜ್ಯಗಳು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡು, ಪರರಾಜ್ಯದ ಚಾಲಕನ ಅಪರಾಧವನ್ನು ಆತನ ಸ್ವಂತ ರಾಜ್ಯಕ್ಕೆ ತಿಳಿಸುತ್ತವೆ. ನ್ಯೂಜೆರ್ಸಿಯವನು ಹೊರರಾಜ್ಯದಲ್ಲಿ ವೇಗದ ಅಪರಾಧ ಮಾಡಿದರೆ ಅವನ ಲೈಸೆನ್ಸಿಗೆ 2 ಅಂಕ ಬೀಳುತ್ತದೆ. ಪಕ್ಕದ ನ್ಯೂಯಾರ್ಕ್ ತನ್ನ ಚಾಲಕರಿಗೆ ದೇಶದ ಬೇರೆ ರಾಜ್ಯಗಳ ಇಂಥ ತಪ್ಪಿಗೆ ಅಂಕ ಹಾಕುವುದಿಲ್ಲ. ಕೆನಡಾದ ಒಂಟಾರಿಯೊ, ಕ್ವಿಬೆಕ್ ಪ್ರಾಂತಗಳ ತಪ್ಪಿಗಾದರೆ ಹಾಕುತ್ತದೆ. ಅಲ್ಲಿಯ ವಿಮಾ ಕಂಪನಿಗಳು ಚಾಲಕನ ದಾಖಲೆ ನೋಡಿ ಕಂತು ಕಟ್ಟುವುದರಿಂದ, ಒಂದು ದಿನದ ಅವಸರದ ಬೆಲೆಯನ್ನು ವರ್ಷಗಟ್ಟಲೆ ತೆರಬೇಕಾದೀತು. ನೋಟೀಸಿಗೆ ಉತ್ತರಿಸದೆ ಸುಮ್ಮನಿದ್ದರೆ ಸ್ವಂತ ರಾಜ್ಯದಲ್ಲಿಯೇ ಲೈಸೆನ್ಸು ಅಮಾನತಾಗುವ ಸಂಭವವುಂಟು. ದಂಡ ಕಟ್ಟುವುದೆಂದರೆ ಸಾಮಾನ್ಯವಾಗಿ ತಪ್ಪೊಪ್ಪಿಕೊಂಡಂತೆ. ಆದುದರಿಂದ ಕಟ್ಟುವ ಮುನ್ನ ಆ ರಾಜ್ಯದ ನಿಯಮ ಬಲ್ಲವರನ್ನು ಕೇಳುವುದು ಹಿತವೆಂದು ಇಲ್ಲಿರುವ ಹಿರಿಯರು ಮಕ್ಕಳಿಗೆ ತಿಳಿಹೇಳಬೇಕು.

ಮನೆಯ ಯಜಮಾನರು ಮಾಡಬೇಕಾದ ಕೆಲಸಗಳು ಕೆಲವೇ. ವಾಹನದ ದಾಖಲೆಯಲ್ಲಿ ಈಗ ಬಳಸುವ ಮೊಬೈಲ್ ನಂಬರು ಇದೆಯೇ ಎಂದು ನೋಡಿಕೊಳ್ಳಿರಿ. ಹಳೆಯ ನಂಬರಿಗೆ ಹೋದ ಸೂಚನೆ ನಿಮಗೆ ಮುಟ್ಟುವುದಿಲ್ಲ. ಪರರಾಜ್ಯದಿಂದ ಮರಳಿದ ಕೆಲವು ದಿನಗಳ ಮೇಲೆ ಸರಕಾರದ ಪರಿವಾಹನ್ ಜಾಲದಲ್ಲಿ ಇ-ಚಲನ್ ಬಾಕಿಯಿದೆಯೇ ಎಂದು ಪರೀಕ್ಷಿಸಿರಿ. ಚಲನ್ ಹೆಸರಿನಲ್ಲಿ ಅಪರಿಚಿತರು ಕಳುಹಿಸುವ ಕಡತವನ್ನು ಮಾತ್ರ ತೆರೆಯಬೇಡಿರಿ. ಹಾಗೆ ಬ್ಯಾಂಕಿನ ಹಣ ಕಳೆದುಕೊಂಡವರಿದ್ದಾರೆ. ದಂಡ ನ್ಯಾಯವಾದುದಾದರೆ ಕಟ್ಟಿರಿ. ಗಾಡಿ ನಿಮ್ಮದಲ್ಲದಿದ್ದರೆ ತಕರಾರು ಸಲ್ಲಿಸಿ ರಸೀದಿ ಇಟ್ಟುಕೊಳ್ಳಿರಿ. ಗಾಡಿ ನಿಮ್ಮ ಹೆಸರಿನಲ್ಲಿದ್ದು ನಡೆಸಿದವನು ಮಗನೋ ಅಳಿಯನೋ ಆಗಿದ್ದರೆ, ಪೊಲೀಸರು ಕೇಳಿದಾಗ ಚಾಲಕನಾರೆಂದು ತಿಳಿಸುವುದು ಮಾಲೀಕನ ಕರ್ತವ್ಯವೆಂದು ಕಾಯ್ದೆಯ 133ನೆಯ ಕಲಮು ಹೇಳುತ್ತದೆ. ಮಮತೆಯಿಂದ ಮುಚ್ಚಿಡುವುದು ಮಗನಿಗೂ ಶ್ರೇಯಸ್ಕರವಲ್ಲ. ಚಾಲಕನನ್ನು ನೇಮಿಸುವಾಗ ಆತನ ಲೈಸೆನ್ಸು ಸಲ್ಲುವ ಸ್ಥಿತಿಯಲ್ಲಿದೆಯೇ ಎಂದು ನೋಡುವುದನ್ನು ಅಪನಂಬಿಕೆಯೆಂದು ತಿಳಿಯಬೇಕಾಗಿಲ್ಲ.

ಇವೆಲ್ಲಕ್ಕಿಂತ ಮೇಲಾದುದು ಹೊತ್ತಿಗೆ ಮುಂಚೆ ಹೊರಡುವ ರೂಢಿ. ಇಲ್ಲಿಂದ ಕೊಲ್ಲಾಪುರಕ್ಕೆ ಸುಮಾರು 200 ಕಿಲೋಮೀಟರ್. ಗಂಟೆಗೆ 100ರ ವೇಗದಲ್ಲಿ ಎರಡು ತಾಸು. 120ರಲ್ಲಿ ಓಡಿಸಿದರೂ ಉಳಿಯುವುದು 20 ನಿಮಿಷ ಮಾತ್ರ. ಅಷ್ಟು ಸಮಯ ನಮ್ಮ ಮನೆಗಳಲ್ಲಿ ಚಹದ ಕಪ್ಪು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು ಮಾತನಾಡುವುದರಲ್ಲಿಯೇ ಕಳೆಯುತ್ತದೆ.

ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸು ದೀರ್ಘಕಾಲ ನಡುವೆ ವಿಭಜಕವಿಲ್ಲದ ಇಕ್ಕಟ್ಟಿನ ಹಾದಿಯಾಗಿತ್ತು. ದಾವಣಗೆರೆಯಿಂದ ಗೋವೆಗೆ ಹೊರಟ ಗೆಳತಿಯರ ವಾಹನ 2021ರ ಜನವರಿ 15ರ ಬೆಳಿಗ್ಗೆ ಇಟಿಗಟ್ಟಿಯ ಬಳಿ ಅಪಘಾತಕ್ಕೀಡಾಗಿ ಅನೇಕರು ಮಡಿದುದನ್ನು ಧಾರವಾಡ ಮರೆತಿಲ್ಲ. 2022ರಲ್ಲಿ ಈ ದಾರಿಯನ್ನು ಆರು ಪಥಕ್ಕೆ ವಿಸ್ತರಿಸಲು ಶಂಕುಸ್ಥಾಪನೆಯಾಯಿತು. ರಸ್ತೆ ಅಗಲವಾದಷ್ಟೂ ಸೌಕರ್ಯ ಹೆಚ್ಚುತ್ತದೆ; ಜೊತೆಗೆ ವೇಗದ ಆಸೆಯೂ ಹೆಚ್ಚುತ್ತದೆ. ಆ ಆಸೆಗೆ ಮಿತಿ ಹಾಕುವ ಮಾತು ಕ್ಯಾಮರಾಕ್ಕಿಂತ ಮೊದಲು ಹಿಂದಿನ ಆಸನದಿಂದ ಬರಲಿ. ‘ನಿಧಾನವಾಗಿ ನಡೆಸಪ್ಪಾ, ತಡವಾದರೆ ಆಗಲಿ’ ಎಂದು ಮನೆಯ ಹಿರಿಯರೇ ಹೇಳಿದರೆ ಚಾಲಕನ ಲೈಸೆನ್ಸೂ ಉಳಿಯುತ್ತದೆ, ಗಾಡಿಯಲ್ಲಿದ್ದವರೂ ಕ್ಷೇಮವಾಗಿ ಮನೆ ಸೇರುತ್ತಾರೆ.