ಮೂರು ಹಗ್ಗಗಳ ಶ್ರುತಿ

ಬಿಗಿಯುವುದೆಂದರೆ ಎಳೆಯುವುದೆಂದೇ ನಾನು ತಿಳಿದಿದ್ದೆ. ಹಾಗಲ್ಲವೆಂದು ಕಲಿಸಿದ್ದು ನಮ್ಮ ಹಿತ್ತಲಿನ ಒಂದು ಬಿದಿರಿನ ಗಳು.

1962ರ ಮಾತು. ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ನಮ್ಮ ಹೆಂಚಿನ ಮನೆಗೆ ರೇಡಿಯೋ ಬಂದಿತ್ತು. ಭದ್ರಾವತಿಯಲ್ಲಿ ಆಕಾಶವಾಣಿ ನಿಲಯವಾಗಲು ಇನ್ನೂ ಮೂರು ವರ್ಷವಿತ್ತು. ಬೆಂಗಳೂರನ್ನೋ ಧಾರವಾಡವನ್ನೋ ಹಿಡಿಯಬೇಕಾದರೆ ಎತ್ತರದಲ್ಲಿ ಏರಿಯಲ್ ಕಟ್ಟಬೇಕು. ಹಿತ್ತಲಲ್ಲಿ ಗಳು ನೆಟ್ಟು, ಅದರ ತುದಿಯಿಂದ ಮಾಡಿನ ನೆತ್ತಿಗೆ ತಾಮ್ರದ ತಂತಿ ಎಳೆದು, ಗಳುವನ್ನು ಮೂರು ಸೆಣಬಿನ ಹಗ್ಗಗಳಿಂದ ಬಿಗಿದವರು ಕುಂದಾಪುರದ ಮಾವ. ನೆಂಟರೇನಲ್ಲ; ಕೆಲಸ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ, ಹುಟ್ಟಿದ್ದು ದೋಣಿಯವರ ಮನೆಯಲ್ಲಿ. ಭಾನುವಾರ ರೈಲು ಹತ್ತಿ ಅಪ್ಪನೊಡನೆ ಹರಟೆಗೆ ಬರುತ್ತಿದ್ದರು.

ಹಾಯಿದೋಣಿಯ ಕಂಬ ನಿಲ್ಲಿಸುವ ಕ್ರಮವೇ ಇದಕ್ಕೂ ಎಂದರು. ಮೊದಲು ಕಂಬ ನೆಟ್ಟಗಾಗಬೇಕು, ಬಿಗಿ ಆಮೇಲೆ. ಒಂದು ಹಗ್ಗವನ್ನೇ ಹಿಡಿದು ಬಿಗಿಯಕೂಡದು. ಸುತ್ತ ಬರುತ್ತ ಒಂದೊಂದನ್ನೂ ಬೆರಳಷ್ಟು ಬೆರಳಷ್ಟೇ ಎಳೆಯಬೇಕು. ತಂತಿ ಜಗ್ಗುವ ದಿಕ್ಕಿಗೆ ಎದುರಾದ ಹಗ್ಗ ಮಾತ್ರ ತುಸು ಹೆಚ್ಚು ಬಿಗಿ. ಕೊನೆಗೆ ಹಗ್ಗ ಮೀಟಿ ಕಿವಿಗೊಟ್ಟು, ತಂಬೂರಿ ಶ್ರುತಿ ಮಾಡುವವರಂತೆ ತಲೆಯಾಡಿಸಿದರು.

"ಗಾಳಿ ಬಂದಾಗ ಗಾಳಿಯ ಕಡೆಯ ಹಗ್ಗ ಬಿಗೀತದೆ, ಮರೆಯ ಕಡೆಯದು ಜೋಲ್ತದೆ. ಅದನ್ನು ಮುಟ್ಟಬೇಡ ಮಾಣಿ. ಗಾಳಿ ನಿಂತ ಮೇಲೆ ತಾನೇ ಸರಿಯಾಗ್ತದೆ."

ಅಕ್ಟೋಬರಿನಲ್ಲಿ ಚೀನದೊಡನೆ ಯುದ್ಧ ಹೊತ್ತಿಕೊಂಡಿತು. ಅಣ್ಣ ಸೈನ್ಯದಲ್ಲಿದ್ದ, ಈಶಾನ್ಯ ಗಡಿಯಲ್ಲಿ. ಅವನ ಕಾಗದ ನಿಂತಿತು. ಸಂಜೆಯ ವಾರ್ತೆಗೆ ಅಮ್ಮ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಂದು ಸಂಜೆ ಗಾಳಿಯೆದ್ದು ರೇಡಿಯೋ ಗೊರಗೊರ ಎಂದಿತು. ಓಡಿ ನೋಡಿದರೆ ಒಂದು ಹಗ್ಗ ಜೋತಾಡುತ್ತಿದೆ. ಇದ್ದ ಬಲವನ್ನೆಲ್ಲ ಹಾಕಿ ಎಳೆದು ಗಂಟು ಹಾಕಿದೆ. ರಾತ್ರಿ ಮಳೆ ಬಂತು. ನೆನೆದ ಸೆಣಬು ಗಿಡ್ಡವಾಗುತ್ತದೆಂದು ನನಗೇನು ಗೊತ್ತು! ನಡುರಾತ್ರಿ ಗಳು ಮುರಿದು ಹೆಂಚಿನ ಮೇಲೆ ಬಿತ್ತು.

ಮೂರು ದಿನ ಅಪ್ಪ ಹೋಟೆಲಿನ ಬಾಗಿಲಲ್ಲಿ ನಿಂತು ವಾರ್ತೆ ಕೇಳಿ ಬಂದರು. ಅಮ್ಮನಿಗೆ ಅದೂ ಇಲ್ಲ. ಯಾರೂ ನನ್ನನ್ನು ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ಬಂದ ಮಾವ ನನ್ನ ಗಂಟನ್ನು ಕೈಯಲ್ಲಿ ಹಿಡಿದು ನೋಡಿದರು. "ಹೆದರಿದ ಕೈ ಹಾಕಿದ ಗಂಟು" ಎಂದರು, ಅಷ್ಟೇ. ಹೊಸ ಗಳು ಎತ್ತಿದೆವು. ಈ ಸಲ ಮೀಟಿ ಕೇಳುವ ಕೆಲಸ ನನ್ನದು. ಮಳೆ ಬಂದರೆ ಬಿಗಿಯಲು ಎಡೆಯಿರಲೆಂದು ಹಗ್ಗಗಳನ್ನು ಕೊಂಚ ಸಡಿಲವಾಗಿಯೇ ಬಿಡಿಸಿದರು.

ಕಾಫಿ ತಂದ ಅಮ್ಮ ಕೇಳಿದಳು: "ಇಷ್ಟು ಸಡಿಲ ಬಿಟ್ಟರೆ ನಿಲ್ಲತ್ತಾ?"

"ಸಡಿಲ ಆದದ್ದೆಲ್ಲ ಹರಿದದ್ದಲ್ಲ, ಅಕ್ಕಾ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ನವೆಂಬರ್ 21ರಂದು ಕದನ ವಿರಾಮದ ಸುದ್ದಿ ಬಂದಾಗ ಗಳು ನೆಟ್ಟಗೆ ನಿಂತಿತ್ತು. ಅಣ್ಣನ ಕಾಗದ ಬಂದದ್ದು ಡಿಸೆಂಬರಿನಲ್ಲಿ.

1965ರಲ್ಲಿ ಭದ್ರಾವತಿಯ ನಿಲಯ ಆರಂಭವಾದ ಮೇಲೆ ನಮ್ಮ ಗಳುವಿಗೆ ಕೆಲಸವಿಲ್ಲದಾಯಿತು. ಗೋಡೆಯ ಮೊಳೆಗೆ ಸುತ್ತಿದ ಮೊಳದುದ್ದದ ತಂತಿಯೇ ಸಾಕಾಯಿತು. ಆದರೂ ಸುತ್ತ ತಂತಿ ಬಿಗಿದ ಎತ್ತರದ ಕಂಬವನ್ನು ಎಲ್ಲಿ ಕಂಡರೂ ನನ್ನ ಬೆರಳು ಇಂದಿಗೂ ಮೀಟಲು ಹವಣಿಸುತ್ತದೆ. ಎಳೆಯಲು ಮಾತ್ರ ಹೋಗುವುದಿಲ್ಲ.