ಷಷ್ಠಿ ಹೇಳುವುದು ಒಡೆತನವನ್ನೇ?

ಇಂಗ್ಲಿಷ್ ವ್ಯಾಕರಣದಲ್ಲಿ 'ಪೊಸೆಸಿವ್' ಎನಿಸುವುದು ನಮಗೆ ಷಷ್ಠೀ ವಿಭಕ್ತಿ. ಮೊದಲ ಹೆಸರಿನಲ್ಲಿ ಒಡೆತನದ ಅರ್ಥವಿದೆ. ಎರಡನೆಯದರಲ್ಲಿ ಬರಿಯ ಸಂಖ್ಯೆಯಿದೆ. ಪಾಣಿನೀಯ ಪರಂಪರೆಯು ಆರು ಕಾರಕಗಳಲ್ಲಿ ಷಷ್ಠಿಗೆ ಸ್ಥಾನ ಕೊಡಲಿಲ್ಲ. ಮುಖ್ಯವಾಗಿ ನಾಮಕ್ಕೂ ನಾಮಕ್ಕೂ ಇರುವ ಸಂಬಂಧವನ್ನು ತಿಳಿಸುವುದೇ ಅದರ ಕೆಲಸ.

ಕನ್ನಡ, ಮರಾಠಿ ಎರಡರಲ್ಲೂ ಶಾಲೆ ಕಲಿತ ನನಗೆ ಈ ಸಂಬಂಧದ ಬಗೆಗಳು ಎಳವೆಯಲ್ಲೇ ಪರಿಚಿತವಾದವು. ಮರಾಠಿಯಲ್ಲಿ 'ಮಾಝಾ ಮುಲಗಾ, ಮಾಝೀ ಮುಲಗೀ, ಮಾಝೆ ಘರ': ಸರ್ವನಾಮವು ಮುಂದಿನ ನಾಮಪದದ ಲಿಂಗವನ್ನು ಅನುಸರಿಸುತ್ತದೆ. ಇಂಗ್ಲಿಷಿನ 'ಹಿಸ್', 'ಹರ್' ಸಂಬಂಧಪಟ್ಟ ವ್ಯಕ್ತಿಯ ಲಿಂಗವನ್ನು ಅನುಸರಿಸುತ್ತವೆ. ಕನ್ನಡದ 'ನನ್ನ' ಮಗನಿಗೂ ಮಗಳಿಗೂ ಮನೆಗೂ ಒಂದೇ. ಆದರೆ ನಾಮಪದವಿಲ್ಲದೆ ನಿಲ್ಲಬೇಕಾದಾಗ ಅದು 'ನನ್ನವನು, ನನ್ನವಳು, ನನ್ನದು, ನನ್ನವು' ಎಂದು ಲಿಂಗವಚನಗಳನ್ನು ತಾಳುತ್ತದೆ. ಇಂಗ್ಲಿಷಿಗೆ ಅಲ್ಲಿ 'ಮೈನ್' ಒಂದೇ ಸಾಕು. ನಾಮಪದಗಳಲ್ಲಿ ಇಂಗ್ಲಿಷ್ ಅಪಾಸ್ಟ್ರಫಿಯನ್ನೂ 'ಎಸ್' ಅಕ್ಷರವನ್ನೂ ಸೇರಿಸಿದರೆ, ನಮ್ಮ 'ಅ' ಪ್ರತ್ಯಯವು ರಾಮನ, ಮರದ, ಊರಿನ ಎಂದು ರೂಪ ಪಡೆಯುತ್ತದೆ.

ರೂಪಗಳನ್ನು ಪುಸ್ತಕದಿಂದ ಕಲಿಯಬಹುದು. ಅರ್ಥ ನನಗೆ ಮನದಟ್ಟಾದದ್ದು ಆನೆಮಲೆಯ ವಾಲ್ಪಾರೈಯಲ್ಲಿ. ಆಳಿಯಾರಿನಿಂದ 40 ಹೇರ್‌ಪಿನ್ ತಿರುವುಗಳನ್ನು ಏರಿ ತಲಪುವ ಆ ಊರಿನ ಸುತ್ತಲೂ ಚಹಾ ತೋಟಗಳು. ಸಾಲುಮನೆಯೊಂದರ ಮುಂದೆ ನಿಂತಿದ್ದ ಹಿರಿಯ ಕಾರ್ಮಿಕ ಮಹಿಳೆ 'ಎಂಗ ವೀಡು' ಎಂದು ತಮ್ಮ ಮನೆಯನ್ನು ತೋರಿಸಿದರು. ಕೇಳುವವರನ್ನು ಹೊರಗಿಟ್ಟು 'ನಮ್ಮ' ಎನ್ನುವಾಗ ತಮಿಳು 'ಎಂಗ' ಎನ್ನುತ್ತದೆ. ಒಳಗೊಳ್ಳುವಾಗ 'ನಮ್ಮ' ಎನ್ನುತ್ತದೆ. ಮರಾಠಿಯ 'ಆಮಚಾ', 'ಆಪಲಾ' ಪದಗಳ ಭೇದವೂ ಇದೇ. ಇಂದಿನ ಕನ್ನಡದ 'ನಮ್ಮ' ಎರಡಕ್ಕೂ ಸಲ್ಲುತ್ತದೆ.

ಆದರೆ ಕಾಗದದ ಮೇಲೆ ಆ ಮನೆ ಅವರದಲ್ಲ. ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯಿದೆ ಮಾಲೀಕರ ಮೇಲೆ ಹೊರಿಸಿತು. ಅಂಥ ಮನೆ ಕೆಲಸಕ್ಕೆ ಅಂಟಿದ್ದು. ಕೆಲಸ ಮುಗಿದರೆ ಅದನ್ನು ಬಿಟ್ಟುಕೊಡಬೇಕಾಗುತ್ತದೆ. ಷಷ್ಠಿಗೆ ಒಡೆತನವೊಂದೇ ಅರ್ಥವಾಗಿದ್ದರೆ ಆಕೆಯ ಮಾತು ಸುಳ್ಳಾಗುತ್ತಿತ್ತು. ಅಲ್ಲಿ ಒಲೆ ಹಚ್ಚಿ ಬಾಳಿದ ಸಂಬಂಧವನ್ನು ಅದು ಹೇಳಿದ್ದರಿಂದ ಆ ಮಾತು ಪೂರ್ಣ ಸತ್ಯ.

'ನನ್ನ ಊರು', 'ನನ್ನ ಗುರುಗಳು' ಎನ್ನುವಾಗ ನಾವು ಯಾವುದಕ್ಕೂ ಒಡೆಯರಲ್ಲ. ಗಡಿನಾಡಿನಲ್ಲಿ ನನ್ನಂಥವರನ್ನು 'ನಿಮ್ಮ ಭಾಷೆ ಯಾವುದು?' ಎಂದು ಕೇಳುವವರು ಒಂದೇ ಹೆಸರನ್ನು ನಿರೀಕ್ಷಿಸುತ್ತಾರೆ. ಭಾಷೆಯನ್ನು ಆಸ್ತಿಯೆಂದು ಬಗೆದವರ ಪ್ರಶ್ನೆ ಅದು. ಸಂಬಂಧವೆಂದು ಬಗೆದರೆ ಕನ್ನಡವೂ ನನ್ನದು, ಮರಾಠಿಯೂ ನನ್ನದು. ಒಂದರಿಂದ ಇನ್ನೊಂದಕ್ಕೆ ಕೊರತೆಯಿಲ್ಲ.

ವಿದ್ಯಾರ್ಥಿ ಮಿತ್ರರೇ, ಪರೀಕ್ಷೆಗೆ ಷಷ್ಠಿಯ ಪ್ರತ್ಯಯವನ್ನು ಬರೆದರೆ ಅಂಕ ದೊರೆಯುತ್ತದೆ. ಓದುವಾಗಲೂ ಅನುವಾದಿಸುವಾಗಲೂ ಅಲ್ಲಿಗೇ ನಿಲ್ಲದೆ, ಆ ಪ್ರತ್ಯಯ ಯಾವ ಸಂಬಂಧವನ್ನು ಹೇಳುತ್ತಿದೆ ಎಂದು ವಿಚಾರಿಸಿರಿ.