ಬಾಗಿಲ ಮೇಲಿನ ಬೆರಳ ಗುರುತು

ಅಡುಗೆಮನೆಗೆ ಸ್ಟೀಲ್ ಬಾಗಿಲಿನ ಫ್ರಿಜ್ ಬಂದ ದಿನದಿಂದ ನಮಗೆ ಒಂದೇ ಚಿಂತೆ: ಬೆರಳ ಗುರುತು. ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನದೊಳಗೆ ಮತ್ತೆ ಮೂಡಿರುತ್ತಿತ್ತು. ಹೆಚ್ಚಿನವು ಅಮ್ಮೀಜಾನರವು. ಕಣ್ಣಿಗೆ ಪೊರೆ ಬಂದ ಮೇಲೆ ಅವರು ಆ ಬಾಗಿಲನ್ನು ಸವರಿಕೊಂಡೇ ನೀರಿನ ಫಿಲ್ಟರ್ ತನಕ ಹೋಗುತ್ತಿದ್ದರು. "ಅಮ್ಮೀ, ಹಿಡಿಯನ್ನು ಮಾತ್ರ ಮುಟ್ಟಿ" ಎಂದು ಎಷ್ಟು ಸಲ ಹೇಳಿದೆವೋ!

ರಂಜಾನ್ ಹಬ್ಬದ ಹಿಂದಿನ ರಾತ್ರಿ, ನೆಂಟರು ಬರುವ ಅವಸರದಲ್ಲಿ, ಪಾತ್ರೆ ತಿಕ್ಕುವ ಕಬ್ಬಿಣದ ನಾರನ್ನು ಬ್ಲೀಚಿನಲ್ಲಿ ಅದ್ದಿ ಉಜ್ಜಿಬಿಟ್ಟೆವು. ಗುರುತು ಹೋಯಿತು, ಗೀರು ಉಳಿಯಿತು. ಕೆಲವೇ ದಿನಗಳಲ್ಲಿ ಕಂದು ಚುಕ್ಕಿಗಳೂ ಎದ್ದವು. ಅಮ್ಮೀಜಾನ್ ಮುಖವನ್ನು ಹತ್ತಿರ ತಂದು ನೋಡಿ, "ನನ್ನ ಕೈಯಿಂದಲೇ ಕೆಟ್ಟಿತೇ ಬೇಟಾ?" ಎಂದರು. ನಾವು ಸುಮ್ಮನಿದ್ದೆವು. ಅಂದಿನಿಂದ ಅವರು ಬಾಗಿಲು ಮುಟ್ಟಲಿಲ್ಲ. ಬಾಯಾರಿದರೂ ಯಾರಾದರೂ ಬರುವವರೆಗೆ ಕಾದು ಕೂರುತ್ತಿದ್ದರು.

ನಿಜ ಬೇರೆಯೇ ಇತ್ತು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ ಶೇಕಡ 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ, ಕಣ್ಣಿಗೆ ಕಾಣದ ತೆಳುಪದರ ಕಟ್ಟುತ್ತದೆ. ತುಕ್ಕಿನಿಂದ ಕಾಯುವುದು ಆ ಪದರವೇ. ಬೆರಳ ಗುರುತೆಂದರೆ ಅದರ ಮೇಲೆ ಕುಳಿತ ಕೈಯ ಜಿಡ್ಡು, ಬೆವರು, ಅಷ್ಟೆ. ಪದರವನ್ನು ತೂತು ಮಾಡುವುದು ಬ್ಲೀಚಿನ ಕ್ಲೋರಿನ್; ನಾರಿನಿಂದ ಉದುರಿದ ಕಬ್ಬಿಣದ ಚೂರು ಅಲ್ಲೇ ತುಕ್ಕು ಹಿಡಿಯುತ್ತದೆ.

ಈಗ ನಾವು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿ, ಹಳೆಯ ಹತ್ತಿ ದುಪಟ್ಟಾ ಅದ್ದಿ ಹಿಂಡಿ, ಸ್ಟೀಲಿನ ಗೆರೆಗಳು ಹೋದ ದಿಕ್ಕಿನಲ್ಲೇ ಒರೆಸುತ್ತೇವೆ. ಆಮೇಲೆ ಬರಿಯ ನೀರಿನ ಬಟ್ಟೆ, ಕೂಡಲೇ ಒಣಬಟ್ಟೆ. ಒಣಗಿಸದೆ ಬಿಟ್ಟರೆ ಗಡಸು ನೀರಿನ ಸುಣ್ಣ ಬಿಳಿ ಕಲೆಯಾಗಿ ನಿಲ್ಲುತ್ತದೆ. ಸಿಂಕಿನಲ್ಲಿ ಅಂಥ ಕಲೆಯಿದ್ದರೆ ನೀರು ಬೆರೆಸಿದ ವಿನೆಗರ್ ಸಾಕು, ಆಮೇಲೆ ಚೆನ್ನಾಗಿ ತೊಳೆಯಬೇಕು. ಆದರೆ ವಿನೆಗರ್ ಮತ್ತು ಬ್ಲೀಚ್ ಎಂದಿಗೂ ಸೇರಬಾರದು, ವಿಷಗಾಳಿ ಏಳುತ್ತದೆ.

ಶುಚಿತ್ವ ಈಮಾನಿನ ಭಾಗವೆಂದು ಮಕ್ಕಳಿಗೆ ಹೇಳುತ್ತ ಬಂದ ನಾವು, ಮನೆಯ ಹಿರಿಯರ ಬಾಯಾರಿಕೆಯನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಒಂದು ಸಂಜೆ ಅವರ ಪಕ್ಕ ಕುಳಿತು, "ಅಮ್ಮೀ, ಬಾಗಿಲು ಕೆಡಿಸಿದ್ದು ನಾವು, ನೀವಲ್ಲ" ಎಂದೆವು. ಅವರು ಏನೂ ಹೇಳಲಿಲ್ಲ.

ಮರುದಿನ ಫಜರ್ ನಮಾಜಿನ ನಂತರ ನೋಡಿದರೆ ಗೀರುಗಳ ನಡುವೆ ನಾಲ್ಕು ಬೆರಳ ಗುರುತು. ಆ ದಿನ ನಾವು ಬಾಗಿಲು ಒರೆಸಲಿಲ್ಲ.